ಮಗೊಬೆಯ ಮರದ ಹಲ್ಲು

ಆರನೆಯ ತಿಂಗಳ ಮೊದಲ ದಿನದ ಬೆಳಿಗ್ಗೆ, ಎದೊ ಪಟ್ಟಣದ ಕಾಲುವೆ ದಂಡೆಯ ಕೇರಿಯಲ್ಲಿ, ಒಣಮೀನಿನ ಸಾಹುಕಾರ ಮಗೊಬೆಯ ಹಲ್ಲು ಮೊದಲು ಕಾಣೆಯಾಯಿತು, ಆಮೇಲೆ ಸಿಕ್ಕಿತು. ಕಾಣೆಯಾದಾಗ ಆದ ಗಲಾಟೆಗಿಂತ ಸಿಕ್ಕಮೇಲೆ ಆದ ಗಲಾಟೆಯೇ ದೊಡ್ಡದು. ಹಲ್ಲೆಂದರೆ ಹುಟ್ಟಿನಿಂದ ಬಂದದ್ದಲ್ಲ; ಅವು ಹತ್ತು ವರ್ಷಗಳ ಹಿಂದೆಯೇ ಒಂದೊಂದಾಗಿ ಉದುರಿದ್ದವು. ಇದು ತ್ಸುಗೆ ಮರದಲ್ಲಿ ಅಂಗುಳದ ಅಚ್ಚು ಕೆತ್ತಿ, ಅದರಲ್ಲಿ ದಂತದ ಹಲ್ಲುಗಳನ್ನು ಕೂರಿಸಿದ ಕಟ್ಟುಹಲ್ಲು.

ಕೇರಿಯಲ್ಲಿ ಅಂಥ ಹಲ್ಲು ಕೆತ್ತುವವನು ಒಬ್ಬನೇ, ಜಿನ್ನೈ. ಪ್ರಾಯದಲ್ಲಿ ಬುದ್ಧನ ವಿಗ್ರಹಗಳನ್ನು ಕೆತ್ತುತ್ತಿದ್ದವನು ಮುಪ್ಪಿನಲ್ಲಿ ಸಾಹುಕಾರರ ಬಾಯಿಗೆ ಇಳಿದಿದ್ದ. "ಬುದ್ಧ ತೆಪ್ಪಗೆ ಕೂತಿರ್ತಿದ್ದ, ಇವ್ರು ಮಾತಾಡ್ತಾರೆ" ಎಂದು ಗೊಣಗುತ್ತಲೇ ಕೆಲಸ ಮಾಡುವನು. ಜನರ ಬಾಯೊಳಗೆ ಇಣುಕುವ ಕಸುಬಿನಿಂದಲೋ ಏನೋ, ಅವರ ಸುಳ್ಳು ಅವನ ಕಣ್ಣಿಗೆ ಬೇಗ ಬೀಳುತ್ತಿತ್ತು. ದೇಗುಲದ ಗಂಟೆ ಕದ್ದವನನ್ನೂ ಸೋಯಾ ಪೀಪಾಯಿಗೆ ಉಪ್ಪುನೀರು ಬೆರೆಸಿದವನನ್ನೂ ಹಿಡಿದುಕೊಟ್ಟವನು ಅವನೇ. ಅಂದಿನಿಂದ ಕೇರಿಯವರು ಕಾವಲಿನವರಿಗಿಂತ ಮೊದಲು ಅವನ ಬಾಗಿಲು ಬಡಿಯುತ್ತಿದ್ದರು.

ಆ ದಿನ ಬಾಗಿಲು ತೆರೆದವಳು ಓಮಿನೆ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ಅವಳು ಜಿನ್ನೈಯ ಅಂಗಡಿಯಲ್ಲಿ ಜೇನುಮೇಣ ಕಾಯಿಸುತ್ತ, ಕೆತ್ತಿದ ಮರಕ್ಕೆ ಒರಟು ಹುಲ್ಲಿನ ಕಡ್ಡಿಯಿಂದ ನುಣುಪು ಕೊಡುತ್ತ ಬಂದಿದ್ದಳು. ಯಾರ ಮುಂದೆಯೂ ಅವನನ್ನು ಬಿಟ್ಟುಕೊಡುವವಳಲ್ಲ. ಅವನೆದುರಿಗೆ ಮಾತ್ರ ಅವನನ್ನು ಬೈಯದ ದಿನವಿಲ್ಲ.

ಹೊಸ್ತಿಲಲ್ಲಿ ನಿಂತಿದ್ದವನು ಮಗೊಬೆಯ ತಮ್ಮ ದೆನ್‌ರೊಕು. ಬಾಯಿಗೆ ಬೀಸಣಿಗೆ ಅಡ್ಡ ಹಿಡಿಯದೆ ಮಾತನಾಡಿದ್ದನ್ನು ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅದು ಮರ್ಯಾದಸ್ಥರ ರೀತಿಯೆಂದು ಅವನು ಹೇಳಿಕೊಳ್ಳುತ್ತಿದ್ದ.

"ಆಚಾರ್ರೇ, ಅಣ್ಣನ ಹಲ್ಲು ಹಾಳಾಗೋಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಬಟ್ಟಲಲ್ಲಿ ಇಲ್ಲ. ಹುಡುಕಿದ್ರೆ ಅಡುಗೆ ಮನೆ ಓಹಯ ಇದಾಳಲ್ಲ, ಅವಳ ಬಟ್ಟೆ ಗಂಟಲ್ಲಿ ಸಿಕ್ತು. ಒಳಗೆಲ್ಲಾ ಹೆರೆದು ಹಾಕಿದಾಳೆ. ಮಧ್ಯಾಹ್ನಕ್ಕೆ ಹಲ್ಗಟ್ಟಿ ಹಬ್ಬ. ಅಣ್ಣ ಈಗ ಏನ್ ಕಡೀಬೇಕು, ಬೆರಳನ್ನಾ?"

ಹಲ್ಗಟ್ಟಿ ಹಬ್ಬದ ದಿನ, ಹೊಸವರ್ಷಕ್ಕೆ ಕುಟ್ಟಿ ಮಾಡಿದ ಅಕ್ಕಿಗಡುಬನ್ನು ಐದು ತಿಂಗಳು ತೂಗುಹಾಕಿ ಕಲ್ಲಾಗಿಸಿ, ಮುದುಕರೆಲ್ಲ ಕೂತು ಕಡಿಯಬೇಕು. ಕಡಿದವರಿಗೆ ಆಯುಸ್ಸು ಗಟ್ಟಿಯೆಂದು ನಂಬಿಕೆ. ಆ ಕೇರಿಯಲ್ಲಿ ಅದಕ್ಕೆ ಇನ್ನೊಂದು ಬಾಲವೂ ಸೇರಿಕೊಂಡಿತ್ತು: ಮೊದಲು ಕಡಿದ ಹಿರಿಯನಿಗೆ ಆ ವರ್ಷದ ಯಾತ್ರಾಕೂಟದ ಯಜಮಾನಿಕೆ. ಒಂದು ಗಡುಬಿಗಾಗಿ ಗೃಹಸ್ಥರು ವರ್ಷವಿಡೀ ಒಬ್ಬರ ದವಡೆಯನ್ನೊಬ್ಬರು ಅಳೆಯುತ್ತಿದ್ದರು. ಮಗೊಬೆಯ ಎದುರಾಳಿ ಸಾಕೆ ಎಂಬ ಅಕ್ಕಿಮದ್ಯದ ಅಂಗಡಿಯ ಗೊಂಝೊ. ಎಪ್ಪತ್ತಾದರೂ ಕುದುರೆಯಂಥ ಹಲ್ಲು.

"ಗೊಂಝೊನೇ ಆ ಹುಡುಗಿ ಕೈಲಿ ಮಾಡ್ಸಿದಾನೆ" ಎಂದ ದೆನ್‌ರೊಕು. "ನೀವು ಬಂದು ನೋಡಿ, ಅವಳೇ ಕೆಡಿಸಿದ್ದು ಅಂತ ಕೇರಿ ಹಿರಿಯರ ಮುಂದೆ ಒಂದು ಮಾತು ಹೇಳ್ಬಿಡಿ. ಸಾಯಂಕಾಲ ಕಾವಲಿನವರು ಬಂದು ಕರ್ಕೊಂಡೋಗ್ತಾರೆ."

ಕಾವಲಿನವರು ಕರೆದೊಯ್ದರೆ ಏನಾಗುತ್ತದೆಂಬುದು ಓಮಿನೆಗೆ ಗೊತ್ತಿತ್ತು. ಕಳ್ಳರ ತೋಳಿಗೆ ಕಪ್ಪು ಪಟ್ಟಿಯ ಹಚ್ಚೆ ಹುಯ್ಯುತ್ತಾರೆ, ಸಾಯುವವರೆಗೂ ಅಳಿಸದು. ಆ ತೋಳನ್ನು ಕಂಡ ಯಾವ ಮನೆಯವರೂ ಒಲೆಯ ಬಳಿ ಬಿಟ್ಟುಕೊಳ್ಳುವುದಿಲ್ಲ.

"ಏನ್ ಹೇಳ್ಬೇಕು ಅಂತ ಮೊದ್ಲೇ ಹೇಳ್ಕೊಟ್ರಲ್ಲ, ಒಳ್ಳೇದಾಯ್ತು" ಎಂದ ಜಿನ್ನೈ. "ನೋಡೋ ಕೆಲಸ ಒಂದು ಉಳೀತು. ಚಿಕ್ಕೆಜಮಾನ್ರಿಗೆ ಚಹಾ ಕೊಡು, ಮಿನೆ."

ಚಹಾ ಕುಡಿಯಲು ಬೀಸಣಿಗೆ ಇಳಿಸಲೇಬೇಕಾಯಿತು. ಮೇಲ್ದವಡೆಯಲ್ಲಿ, ಮುಂಭಾಗಕ್ಕೇ, ಹಳದಿಯ ಎರಡು ಉದ್ದನೆಯ ಹಲ್ಲುಗಳು ಮಾತ್ರ ಓಮಿನೆಯ ಕಣ್ಣಿಗೆ ಬಿದ್ದವು. ಮರುಕ್ಷಣ ಬೀಸಣಿಗೆ ಮೇಲೇರಿತು.

"ಅಣ್ಣನವ್ರ ಜತೆ ಐದು ಸಲವೂ ನೀವು ಬಂದಿದ್ರಿ, ಅಲ್ವಾ? ನನ್ನ ಪಕ್ಕದಲ್ಲೇ ಕೂತು ಎಲ್ಲಾ ನೋಡಿದ್ರಿ" ಎಂದ ಜಿನ್ನೈ.

"ಹೌದು. ಅದಕ್ಕೇನೀಗ?"

"ಏನಿಲ್ಲ. ಹನ್ನೆರಡು ಸಲ ಬರ್ಬೇಕು ಅಂದಿದ್ದೆ. ಐದಕ್ಕೇ 'ಇಷ್ಟು ಸಾಕು, ನೋಡೋಕೆ ನಿಜವಾದ ಹಲ್ಲಿನ ಥರಾನೇ ಇದೆ' ಅಂತ ಎತ್ಕೊಂಡು ಹೋದ್ರು. ಹಲ್ಲು ಕಟ್ಟೋನ ಮನೆಗೆ ಹೋಗೋದನ್ನ ಜನ ನೋಡ್ತಾರಂತೆ. ಬಾಯಲ್ಲಿ ನೋವಾದ್ರೆ ಪರ್ವಾಗಿಲ್ಲ, ಬೀದೀಲಿ ಅವಮಾನ ಆಗಬಾರ್ದು."

ಹೊರಡುವಾಗ ಜಿನ್ನೈ ಅಟ್ಟದಿಂದ ಒಂದು ಚಿಕ್ಕ ಗಂಟು ಇಳಿಸಿ ಓಮಿನೆಯ ಕೈಗಿತ್ತ. "ಬಿಸಿಲಿಗೆ ಹಿಡೀಬೇಡ" ಎಂದಷ್ಟೇ ಹೇಳಿದ.

ಮಗೊಬೆಯ ಮನೆಯಲ್ಲಿ ಬೀಗವಿಲ್ಲದ ವಸ್ತುವೆಂದರೆ ಒಲೆಯ ಬೂದಿಯೊಂದೇ. ಅಕ್ಕಿ, ಎಣ್ಣೆ, ಹೆಂಡತಿಯ ಪೆಟ್ಟಿಗೆ, ಕೊನೆಗೆ ಉಪ್ಪಿನಕಾಯಿಯ ಮಡಕೆಯ ಕೀಲಿಯೂ ಅವನ ಸೊಂಟದಲ್ಲೇ ಜೋಲುತ್ತಿತ್ತು. ನಡೆದರೆ ಎತ್ತು ನಡೆದಂತೆ ಸದ್ದು. ಮಲಗುವಾಗಲೂ ಅದನ್ನು ಬಿಚ್ಚುವವನಲ್ಲ. ಅವನು ಬಾಯಿಗೆ ತೋಳು ಅಡ್ಡ ಹಿಡಿದು ಹೊರಬಂದ. ಮಾತಿಗಿಂತ ಗಾಳಿಯೇ ಹೆಚ್ಚಾಗಿ ಹೊರಡುತ್ತಿತ್ತು.

"ನೋಡಯ್ಯಾ ಆಚಾರಿ, ನಿನ್ನ ಕೆಲ್ಸಾನ ಆ ಕಳ್ಳಿ ಏನ್ ಮಾಡಿದಾಳೆ ನೋಡು!"

ಜಿನ್ನೈ ಹಲ್ಲನ್ನು ಬೆಳಕಿಗೆ ಹಿಡಿದ. ಹೊರಗೆ ಒಂದು ಗೀರೂ ಇರಲಿಲ್ಲ. ದಂತದ ಹಲ್ಲುಗಳು ಸಾಲಾಗಿ ಹೊಳೆಯುತ್ತಿದ್ದವು. ಒಳಗೆ, ಒಸಡು ಕೂರುವ ತೋಡಿನಲ್ಲಿ, ತೆಳುವಾಗಿ, ಒಂದೇ ದಿಕ್ಕಿಗೆ, ಹಲವಾರು ಸಲ ಹೆರೆದ ಗುರುತು. ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಹೆರೆದ ಮೈಯ ಮೇಲೆ ಜೀರುಂಡೆಯ ರೆಕ್ಕೆಯಂತೆ ಹೊಳೆಯುವ ಹಸಿರು ಪಟ್ಟಿಯೊಂದು, ಈ ಕೊನೆಯಿಂದ ಆ ಕೊನೆಯವರೆಗೆ, ಕುದುರೆ ಲಾಳದಂತೆ ಎಲ್ಲಿಯೂ ತುಂಡಾಗದೆ ಹರಿದಿತ್ತು.

"ಪಾಚಿ" ಎಂದಳು ಓಮಿನೆ ಮೆಲ್ಲಗೆ. "ನೀರಲ್ಲಿಟ್ಟು ಪಾಚಿ ಹಿಡಿಸಿದಾರೆ."

ಜಿನ್ನೈ ಬೆರಳನ್ನು ನೆನೆಸಿ ಹಸಿರನ್ನು ಉಜ್ಜಿದ. ಬೆರಳು ಕೆಂಪಾಯಿತು.

"ಅಯ್ಯೋ, ರಕ್ತ!"

"ರಕ್ತ ಒಣಗಿದ್ರೆ ಕಪ್ಪಾಗತ್ತೆ, ಹಸಿರಾಗಲ್ಲ. ಹನ್ನೊಂದು ವರ್ಷ ನನ್ನ ಜತೆ ಇದ್ದು ಇಷ್ಟು ಕಲ್ತೆಯಾ? ಬಾಯಿ ಮುಚ್ಕೊಂಡು ಕಣ್ಣು ಬಿಡು."

ಓಹಯಳನ್ನು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಕೈಕಟ್ಟಿ ಕೂರಿಸಿದ್ದರು. ವಯಸ್ಸು ಇಪ್ಪತ್ತೆರಡಿರಬಹುದು, ಗಟ್ಟಿ ಮೈಯ ಹೆಣ್ಣು. ಅತ್ತು ಅತ್ತು ಸಾಕಾಗಿ ಸಿಟ್ಟಿಗೆ ಬಂದಿದ್ದಳು.

"ಅವರ ಹಲ್ಲು ನಂಗ್ಯಾಕಮ್ಮಾ? ನಂಗೇ ಮೂವತ್ತೆರಡಿವೆ" ಎಂದು ಓಮಿನೆಗೆ ಹಲ್ಲು ತೋರಿಸಿದಳು. "ಗಂಟು ಕಟ್ಟೆ ಮೇಲೇ ಇತ್ತು. ಯಾರ್ ಬೇಕಾದ್ರೂ ತುರುಕಬಹ್ದು. ಒಂಬತ್ತನೇ ತಿಂಗ್ಳಿಗೆ ಇಲ್ಲಿ ನನ್ನ ಕೆಲಸದ ಗಡುವು ಮುಗೀತಿತ್ತು. ಅಕ್ಕನ ಚಹಾದಂಗಡೀಲಿ ಕೂರೋದು ಅಂತ ಎಲ್ಲಾ ಮಾತಾಗಿತ್ತು. ತೋಳಿಗೆ ಪಟ್ಟಿ ಹುಯ್ಸಿಕೊಂಡೋಳ ಕೈಲಿ ಯಾರ್ ಚಹಾ ಕುಡೀತಾರೆ ಹೇಳಿ?"

"ಅದಿರ್ಲಿ" ಎಂದ ಜಿನ್ನೈ. "ಈ ಬೆಕ್ಕಿನ ತಟ್ಟೆ ಯಾಕೆ ತುಂಬಿದೆ?"

ಮೂಲೆಯಲ್ಲಿ ಮಲಗಿದ್ದ ಬೆಕ್ಕು ಕರಿಯದೆಂದು ಹೇಳುವವರಿದ್ದಾರೆ, ಬೂದುಬಣ್ಣದ್ದೆನ್ನುವವರೂ ಇದ್ದಾರೆ. ತಟ್ಟೆಯ ವಿಷಯದಲ್ಲಿ ಮಾತ್ರ ಎಲ್ಲರ ಮಾತೂ ಒಂದೇ. ಅದರ ತುಂಬ ಒಣಮೀನು ಹೆರೆದಂಥ ಎಸಳುಗಳು, ಗಾಳಿ ಊದಿದರೆ ಹಾರುವಷ್ಟು ತೆಳು.

"ಯಜಮಾನ್ರು ದಿನಾ ತಮ್ಮ ಕೋಣೇಲಿ ಕೂತು ಮರದಂಥ ಗಟ್ಟಿ ಮೀನು ಹೆರೆದು ರುಚಿ ನೋಡ್ತಾರೆ. ಕಸಬರಿಗೇಲಿ ಗುಡ್ಸಿದ್ದನ್ನ ನಾನು ಬೆಕ್ಕಿಗೆ ಹಾಕ್ತೀನಿ. ಐದು ದಿನದಿಂದ ಈ ಮಹಾರಾಯ ಮುಟ್ತಾನೇ ಇಲ್ಲ. ಮೂಸಿ ನೋಡಿ, ನನ್ನ ಮುಖ ನೋಡಿ, ಎದ್ದು ಹೋಗತ್ತೆ."

ಜಿನ್ನೈ ಒಂದು ಎಸಳನ್ನು ಎತ್ತಿ ಓಮಿನೆಯ ಮೂಗಿಗೆ ಹಿಡಿದ. ಮೀನಿನ ವಾಸನೆ ಇರಲಿಲ್ಲ. ಹನ್ನೊಂದು ವರ್ಷಗಳಿಂದ ಅವಳ ಕೈಗೆ ಅಂಟಿದ ವಾಸನೆಯೇ ಅದು. ಹೇಳಲು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿಕೊಂಡಳು. ಎಸಳುಗಳನ್ನು ಕಾಗದದಲ್ಲಿ ಸುತ್ತಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಳು.

ಹಜಾರದಲ್ಲಿ ಮಗೊಬೆಯ ಹೆಂಡತಿ ಓರಿಕು, ಮದುವೆಯಾದ ಹೆಂಗಸರ ರೂಢಿಯಂತೆ, ಹಲ್ಲಿಗೆ ಕರಿ ಬಳಿದುಕೊಳ್ಳುತ್ತಿದ್ದಳು. ಅರುವತ್ತರಲ್ಲೂ ಒಂದೂ ಉದುರದ, ಮೆರುಗೆಣ್ಣೆ ಹಚ್ಚಿದಂತೆ ಕಪ್ಪಗೆ ಮಿಂಚುವ ಸಾಲು.

"ಅಮ್ಮಾವ್ರೇ, ಮನೇಲಿ ಬೇರೇನಾದ್ರೂ ಕಳುವಾಗಿದ್ಯಾ?" ಎಂದು ಕೇಳಿದ ಜಿನ್ನೈ.

"ಕಳುವು ಅಂತ ಹೇಗಪ್ಪಾ ಹೇಳ್ಲಿ? ಮೊಮ್ಮಗಳ ಮದ್ವೇಗೆ ಅಂತ ಕ್ಯೋತೋದಿಂದ ತುಟಿಗೆಂಪು ತರ್ಸಿದ್ದೆ. ಅಪ್ಪಟ ಕುಸುಬೆ ಹೂವಿನದು. ಮೊನ್ನೆ ನೋಡಿದ್ರೆ ಬಟ್ಟಲು ಅರ್ಧ ಖಾಲಿ. ಪೆಟ್ಟಿಗೆ ಬೀಗ ಹಾಕ್ದಂಗೇ ಇದೆ. ಇವ್ರನ್ನ ಕೇಳಿದ್ರೆ 'ಸೆಕೆಗೆ ಆವಿಯಾಗಿರ್ಬೇಕು' ಅಂದ್ರು."

"ಇರ್ಬೇಕು. ಈ ವರ್ಷ ಸೆಕೆ ಜಾಸ್ತಿ" ಎಂದ ಜಿನ್ನೈ ಬಹು ಗಂಭೀರವಾಗಿ.

ಮಧ್ಯಾಹ್ನ ಹಬ್ಬಕ್ಕೆ ನೆರೆದವರು ಅದೇ ಹಜಾರದಲ್ಲಿ ಕೂತರು. ನಡುವೆ ತಟ್ಟೆಯಲ್ಲಿ ಬಿರುಕುಬಿಟ್ಟ ಒಣಗಡುಬುಗಳು. ಒಂದು ಬದಿಗೆ ಮಗೊಬೆ, ಓರಿಕು, ದೆನ್‌ರೊಕು. ಎದುರಿಗೆ ಹಲ್ಲು ಕಿರಿದುಕೊಂಡು ಗೊಂಝೊ. ಮೇಲಿನ ಸ್ಥಾನದಲ್ಲಿ ಕೇರಿಯ ಹಿರಿಯ. ಬಾಗಿಲ ಬಳಿ ಓಹಯ. ಅವಳ ಪಕ್ಕದಲ್ಲೇ ಓಮಿನೆ ಕೂತಳು.

"ಹೇಳಯ್ಯಾ ಆಚಾರಿ" ಎಂದ ಹಿರಿಯ. "ಇವಳೇ ತಾನೆ?"

"ಕೆಡಿಸೋ ಆಸೆ ಇದ್ದೋರು ಒಂದು ಕಲ್ಲು ತಗೊಂಡು ಕುಟ್ಟಿದ್ರೆ ಮುಗೀತಿತ್ತು" ಎಂದ ಜಿನ್ನೈ. "ಗೊಂಝೊ ಯಜಮಾನ್ರು ಹೇಳಿ ಮಾಡ್ಸೋದಾದ್ರೆ ಅಷ್ಟೇ ಹೇಳ್ತಿದ್ರು. ಅದಕ್ಕಿಂತ ಜಾಸ್ತಿ ಯೋಚ್ನೆ ಮಾಡೋ ಅಭ್ಯಾಸ ಅವರಿಗಿಲ್ಲ."

"ಹೌದು ಮತ್ತೆ!" ಎಂದ ಗೊಂಝೊ, ಹೊಗಳಿಕೆಯೆಂದು ತಿಳಿದು.

"ಇಲ್ಲಿ ಹಾಗಾಗಿಲ್ಲ. ಹೊರಗೆ ಗೀರಿಲ್ಲ. ಒಳಗೆ ಮಾತ್ರ ಐದು ದಿನ ಕೂತು, ಸ್ವಲ್ಪ ಸ್ವಲ್ಪಾನೇ ಹೆರೆದಿದಾರೆ. ಇದು ಕೆಡಿಸಿದ್ದಲ್ಲ ಸ್ವಾಮಿ, ರಿಪೇರಿ. ಯಾರೋ ಇದನ್ನ ತಮ್ಮ ಬಾಯಿಗೆ ಸರಿಯಾಗಿ ಕೂರಿಸ್ಕೊಳ್ಳೋಕೆ ನೋಡಿದಾರೆ."

ಎಲ್ಲರ ಕಣ್ಣೂ ಬೀಸಣಿಗೆಯ ಕಡೆಗೆ ಹೊರಳಿತು.

"ನಾನು ಹಲ್ಲು ಹೇಗೆ ಕೂರಿಸ್ತೀನಿ ಅಂದ್ರೆ" ಎಂದು ಜಿನ್ನೈ ಮುಂದುವರಿಸಿದ, "ಒಸಡಿಗೆ ಕೆಂಪು ಬಳೀತೀನಿ, ಹಲ್ಲು ಒತ್ತೀನಿ, ತೆಗೀತೀನಿ. ಮರದ ಮೇಲೆ ಕೆಂಪು ದಟ್ಟವಾಗಿ ಅಂಟಿದ ಕಡೆ ಒತ್ತಡ ಜಾಸ್ತಿ ಅಂತ ಅರ್ಥ. ಅಲ್ಲಿ ಒಂದೆಳೆ ಹೆರೀತೀನಿ. ಮತ್ತೆ ಕೆಂಪು, ಮತ್ತೆ ಒಂದೆಳೆ. ಹನ್ನೆರಡು ಸಲ. ಈ ಹಲ್ಲಲ್ಲೂ ಕೆಂಪು ಬಳಿದಿದಾರೆ. ನನ್ನ ಅಂಗಡೀಲಿ ಕೂತು ನೋಡಿದವ್ರಿಗೆ ಬಿಟ್ಟು ಇದು ಬೇರೆಯವ್ರಿಗೆ ತಿಳಿಯಲ್ಲ. ಓಹಯ ನನ್ನ ಹೊಸ್ತಿಲು ತುಳಿದೋಳಲ್ಲ. ಈ ಮನೆಯಿಂದ ಬಂದು ಕೂತವ್ರು ಇಬ್ಬರೇ."

"ಅನ್ಯಾಯ!" ಎಂದು ದೆನ್‌ರೊಕು ಅರ್ಧ ಎದ್ದ. "ಅಣ್ಣನ ಎಂಜಲು ಹಲ್ಲು ನಾನ್ಯಾಕೆ ಹಾಕ್ಕೊಳ್ಲಿ!"

"ಕೂತ್ಕೊಳ್ಳಿ, ಆ ಬೀಸಣಿಗೆ ಇಳಿಸಿ. ನಿಮ್ಮನ್ನ ಉಳಿಸೋ ಹಲ್ಲೆರಡು ಅದರ ಹಿಂದೆ ಬಚ್ಚಿಟ್ಕೊಂಡಿವೆ."

ಬೀಸಣಿಗೆ ಇಳಿಯಿತು. ಹಜಾರ ಆ ಎರಡು ಹಲ್ಲುಗಳನ್ನು ಸಾಕಷ್ಟು ಹೊತ್ತು ನೋಡಿತು. ಮೂವತ್ತು ವರ್ಷದ ಮರ್ಯಾದೆ ಅಷ್ಟರಲ್ಲೇ ಮುಗಿದುಹೋಯಿತು.

"ಇವರ ಒಸಡಿಗೆ ಕೆಂಪು ಬಳಿದು ಒತ್ತಿದ್ರೆ ಮುಂಭಾಗದಲ್ಲಿ ಹಲ್ಲಿರೋ ಕಡೆ ಗುರುತು ತುಂಡಾಗ್ಬೇಕು" ಎಂದ ಜಿನ್ನೈ, ಮರದ ಹಲ್ಲನ್ನು ಹಿರಿಯನ ಕೈಗಿಡುತ್ತ. "ನೋಡಿ, ಎಲ್ಲೂ ತುಂಡಾಗಿಲ್ಲ. ಇದು ಪೂರಾ ಬೋಡು ಬಾಯಿ. ಅಮ್ಮಾವ್ರಿಗೆ ಹಲ್ಲು ಪೂರ್ತಿ ಇದೆ, ಹುಡುಗಿಗೆ ಪೂರ್ತಿ ಇದೆ, ಚಿಕ್ಕೆಜಮಾನ್ರಿಗೆ ಎರಡಿದೆ. ಈ ಮನೇಲಿ ಒಂದೂ ಇಲ್ಲದ ಬಾಯಿ ಯಾವುದು?"

ಮಗೊಬೆಯ ಸೊಂಟದ ಕೀಲಿಗಳು ಸಣ್ಣಗೆ ಸದ್ದು ಮಾಡಿದವು.

"ಆದ್ರೆ ಗುರುತು ಹಸಿರಿದೆಯಲ್ಲಯ್ಯಾ" ಎಂದ ಹಿರಿಯ. "ಕೆಂಪು ಅಂತೀಯ."

"ನಾನು ಬಳಸೋದು ಅಗ್ಗದ ಕೆಂಪು, ಒಣಗಿದ್ರೂ ಕೆಂಪೇ. ಇದು ಕ್ಯೋತೋದ ಕುಸುಬೆ ಕೆಂಪು. ದಪ್ಪಗೆ ಬಳಿದು ಒಣಗಿಸಿದ್ರೆ ಹೀಗೆ ಹಸಿರು ಹೊಳೆಯತ್ತೆ. ಒದ್ದೆಯಾದ್ರೆ ಮತ್ತೆ ಕೆಂಪು." ಅವನು ಬೆರಳು ನೆನೆಸಿ ಉಜ್ಜಿ ತೋರಿಸಿದ. "ಅಮ್ಮಾವ್ರ ಬಟ್ಟಲಲ್ಲಿ ಅರ್ಧ ಆವಿಯಾಗಿದ್ದು ಇದೇ. ಬೀಗ ಹಾಕಿದ ಪೆಟ್ಟಿಗೆಯೊಳಗಿಂದ. ಕೀಲಿ ಯಾರ ಸೊಂಟದಲ್ಲಿದೆ ಅಂತ ಕೇಳೋದೂ ಬೇಡ, ಸದ್ದು ಕೇಳ್ತಾ ಇದೆ. ಮಿನೆ, ಆ ಎಸಳು ಕೊಡು."

ಓಮಿನೆ ಕಾಗದ ಬಿಚ್ಚಿದಳು. ಅವಳಿಗೆ ಮಾತು ತಡೆಯಲಾಗಲಿಲ್ಲ. "ಇದು ಮೀನಲ್ಲ ಸ್ವಾಮಿ, ತ್ಸುಗೆ ಮರ! ಯಜಮಾನ್ರ ಕೋಣೆಯಿಂದ ಗುಡ್ಸಿದ್ದು. ಈ ಹುಡುಗಿ ಮೀನು ಅಂತ ಬೆಕ್ಕಿಗೆ ಹಾಕಿದಾಳೆ. ಬೆಕ್ಕಿಗಾದ್ರೂ ಬುದ್ಧಿ ಇತ್ತು."

"ಮರಗೆಲಸದೋರು ಮರಾನ ಚೂರು ಚೂರಾಗಿ ಎಬ್ಬಿಸ್ತಾರೆ" ಎಂದ ಜಿನ್ನೈ. "ಹೀಗೆ ಉದ್ದುದ್ದ ಎಸಳು ಬಿಡಿಸೋದು ಒಣಮೀನು ಹೆರೆದು ಪಳಗಿದ ಕೈ."

"ಸುಳ್ಳು!" ಮಗೊಬೆ ತೋಳಿನ ಹಿಂದಿನಿಂದ ಕೂಗಿದ. "ಇವನ ಕೆಲಸಾನೇ ಕೆಟ್ಟದ್ದು! ಅದನ್ನ ಮುಚ್ಕೊಳ್ಳೋಕೆ ನನ್ನ ಮೇಲೆ ಹಾಕ್ತಿದಾನೆ!"

ಜಿನ್ನೈ ತಾನು ತರಿಸಿದ್ದ ಗಂಟನ್ನು ಬಿಚ್ಚಿದ. ಅದರಲ್ಲಿದ್ದದ್ದು ಮಗೊಬೆಯ ಒಸಡಿನ ಮೇಣದ ಅಚ್ಚು. ಅದರ ಮೇಲೆ ಸೂಜಿಯಿಂದ ಕೊರೆದ ಮೂರು ಸುತ್ತುಗಳಿದ್ದವು.

"ಐದನೇ ಸಲ ಬಂದಾಗ ಇನ್ನೂ ಒತ್ತುತ್ತಿದ್ದ ಜಾಗ ಈ ಮೂರು. ಆರನೇ ಸಲಕ್ಕೆ ಹೆರೀಬೇಕು ಅಂತ ಗುರುತು ಮಾಡಿಟ್ಟಿದ್ದೆ. ಆರನೇ ಸಲ ಅನ್ನೋದು ಬರ್ಲೇ ಇಲ್ಲ." ಅಚ್ಚಿನ ಮೇಲೆ ಮರದ ಹಲ್ಲನ್ನು ಕೂರಿಸಿ ಹಿರಿಯನಿಗೆ ತೋರಿಸಿದ. ಹೆರೆತ ಮೊದಲಾಗಿದ್ದುದು ಸರಿಯಾಗಿ ಆ ಮೂರು ಕಡೆ. ಅಲ್ಲಿಂದ ಅದು ಅಳತೆ ತಪ್ಪಿ ಅಂಚಿನವರೆಗೆ ಹರಡಿತ್ತು. "ಮೊದಮೊದಲು ಸರಿಯಾದ ಜಾಗಾನೇ ಹೆರೆದರು. ಆಮೇಲೆ ಕೈ ಓಡ್ತು, ಅಂಚು ಹೋಯ್ತು. ಅಂಚು ಹೋದ ಮೇಲೆ ಹಲ್ಲು ಅಂಗುಳಕ್ಕೆ ಕಚ್ಚಲ್ಲ, ಬಾಯಿ ತೆಗೆದ್ರೆ ಬಿದ್ಹೋಗತ್ತೆ. ಇವತ್ತು ಎಲ್ಲರ ಮುಂದೆ ಬೀಳ್ತಿತ್ತು. ನನ್ನ ಹತ್ರ ಬಂದಿದ್ರೆ ಒಂದು ಗಂಟೆ ಕೆಲಸ. ಅದಕ್ಕೆ ಅವಮಾನ. ಹುಡುಗಿ ತೋಳಿಗೆ ಹಚ್ಚೆ ಹುಯ್ಸೋದು ಸುಲಭ ಅನ್ನಿಸ್ತು. ಇನ್ನೂ ಅನುಮಾನ ಇದ್ರೆ ಬಾಯಿ ತೆಗೆಸಿ ನೋಡಿ. ಆ ಮೂರು ಜಾಗದಲ್ಲೂ ಹುಣ್ಣಿರತ್ತೆ."

ಮಗೊಬೆ ತುಟಿ ಬಿಗಿದ. ಹಲ್ಲಿಲ್ಲದ ಬಾಯಿ ದಾರವೆಳೆದ ಚೀಲದಂತೆ ಒಳಕ್ಕೆ ಹೋಯಿತು.

"ವಾರದಿಂದ ಗಂಜಿ ಬಿಟ್ಟು ಬೇರೇನೂ ಮುಟ್ಟಿಲ್ಲ. ಹೊಟ್ಟೆ ಸರಿ ಇಲ್ಲ ಅಂತಿದ್ರಿ" ಎಂದಳು ಓರಿಕು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಮೊಮ್ಮಗಳ ತುಟಿಗೆ ಅಂತ ಇಟ್ಟಿದ್ದನ್ನ ತಗೊಂಡು… ಬಾಯಿ ತೆಗೀರಿ. ಇನ್ನೇನು ಉಳಿದಿದೆ ಮುಚ್ಚಿಡೋಕೆ?"

ಅವನು ಬಾಯಿ ತೆರೆದ. ಹಿರಿಯ ಬಗ್ಗಿ ನೋಡಿದ, ಗೊಂಝೊ ತಾನೂ ಬಗ್ಗಿ ನೋಡಿ, "ಮೂರು! ಎಣಿಸಿದ ಹಾಗೆ ಮೂರು!" ಎಂದು ಕೂಗಿದ. ಓಮಿನೆ ಅಷ್ಟರಲ್ಲಿ ಓಹಯಳ ಕೈಯ ಹಗ್ಗ ಬಿಚ್ಚಿದ್ದಳು.

ಹಿರಿಯ ಗಂಟಲು ಸರಿಮಾಡಿಕೊಂಡ. "ಆಯ್ತಮ್ಮಾ ಹುಡುಗಿ, ನಿಂದು ತಪ್ಪಿಲ್ಲ. ಎದ್ದು ಕೆಲಸ ನೋಡ್ಕೋ. ಮನೆಯ ವಿಷಯ, ಹೊರಗೆ ಹೋಗೋದು ಬೇಡ."

"ಕಳ್ಳಿ ಅಂತ ಅಂದಿದ್ದು ಬೀದಿಗೆಲ್ಲಾ ಹೋಗಿದೆ ದೊಡ್ಡವ್ರೇ" ಎಂದಳು ಓಹಯ, ಮಣಿಕಟ್ಟು ತಿಕ್ಕಿಕೊಳ್ಳುತ್ತ. "ನೀರಿನೋನಿಗೂ ಗೊತ್ತು, ಎಣ್ಣೆಯೋನಿಗೂ ಗೊತ್ತು. ಅಕ್ಕನ ಕಿವಿಗೂ ಬಿದ್ದಿರತ್ತೆ. ನಾನು ಕದ್ದಿಲ್ಲ, ಅವರೇ ಕೆಡಿಸಿ ನನ್ನ ಗಂಟಲ್ಲಿಟ್ರು ಅಂತ ಬರೆದು ಕೊಡ್ಲಿ. ನಂಗೆ ಓದೋಕೆ ಬರಲ್ಲ. ಏನ್ ಬರೆದ್ರು ಅಂತ ಅವರೇ ಬಾಯಿಬಿಟ್ಟು ಓದ್ಲಿ. ಬಾಗಿಲು ತೆಗೆದಿರ್ಲಿ."

ಹಿರಿಯ ಜಿನ್ನೈಯ ಮುಖ ನೋಡಿದ. ಜಿನ್ನೈ ಬರೆಯಲೆಂದು ಮಸಿಕಲ್ಲನ್ನು ಮಗೊಬೆಯ ಮುಂದಕ್ಕೆ ತಳ್ಳಿದ.

ಬರೆದದ್ದಾಯಿತು, ಮುದ್ರೆ ಒತ್ತಿದ್ದಾಯಿತು. ಮಗೊಬೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದ. ಬಾಯಿಯಿಂದ ಗಾಳಿ, ಎಂಜಲು, ಒಂದಿಷ್ಟು ಸ್ವರಗಳು ಹೊರಬಂದವು. ಒಂದು ಅಕ್ಷರವೂ ತಿಳಿಯಲಿಲ್ಲ. ಓಹಯ ಮಂಡಿಯೂರಿ, ತಲೆ ಬಾಗಿಸಿ, ಕೊನೆಯವರೆಗೂ ಮರ್ಯಾದೆಯಿಂದಲೇ ಕೇಳಿದಳು.

"ತಿಳೀಲಿಲ್ಲ ಯಜಮಾನ್ರೇ. ಇನ್ನೊಂದ್ಸಲ."

ಅವನು ಎರಡನೆಯ ಸಲ ಓದಿದ. ಬಾಗಿಲ ಬಳಿ ನೀರು ಮಾರುವವನು ಹೆಗಲ ಕಾವಡಿ ಇಳಿಸಿ ನಿಂತ. ಅವನ ಹಿಂದೆ ಪಕ್ಕದ ಮನೆಯ ಹೆಂಗಸರು.

"ಇನ್ನೂ ತಿಳೀಲಿಲ್ಲ" ಎಂದಳು ಓಹಯ. "ನಿಧಾನವಾಗಿ ಓದಿ. ನಂಗೇನೂ ಅವಸರ ಇಲ್ಲ."